ಮಗಳು ಸ್ಪೇನಿಗೆ ಇಂಗ್ಲಿಷ್ ಕಲಿಸೋಕೆ ಹೋಗ್ತಿದಾಳೆ, ಮೊದಲ ಕೆಲವು ವಾರ ಹೇಗಿರುತ್ತೆ?

ನಿಮ್ಮ ಪ್ರಶ್ನೆ ಓದಿ ನಮ್ಮಮ್ಮನೇ ಬೇರೆ ಹೆಸರಲ್ಲಿ ಬಂದು ಕೇಳ್ತಿದಾರೇನೋ ಅನ್ನಿಸ್ತು. ಮಗಳು ಅಮೆರಿಕದಲ್ಲೇ ಹುಟ್ಟಿದ್ದು, ಈಗಷ್ಟೇ ಡಿಗ್ರಿ ಮುಗಿದಿದೆ, ಸ್ಪೇನ್ ಸರ್ಕಾರದ ಲ್ಯಾಂಗ್ವೇಜ್ ಅಸಿಸ್ಟೆಂಟ್ ಪ್ರೋಗ್ರಾಮಲ್ಲಿ ದಕ್ಷಿಣ ಸ್ಪೇನಿನ ಆಂಡಲೂಸಿಯಾ ಸಿಕ್ಕಿದೆ, ವೆಜಿಟೇರಿಯನ್ನು, ಪಾಠ ಮಾಡಿ ಅಭ್ಯಾಸ ಇಲ್ಲ, ಒಬ್ಬಳೇ ಹೇಗಿರ್ತಾಳೋ, ಡಿಸೆಂಬರಲ್ಲಿ ನಾವು ಹೋಗಬಹುದಾ ಅಂತ ತಾನೆ ಕೇಳಿರೋದು. ನಂದೂ ಅದೇ ಕೇಸು. ನ್ಯೂಜೆರ್ಸಿಯಲ್ಲಿ ಹುಟ್ಟಿ, ಅಪ್ಪ ಅಮ್ಮ ವಾಪಸ್ ಬಂದಿದ್ರಿಂದ ಮೈಸೂರಲ್ಲಿ ಹೈಸ್ಕೂಲ್ ತನಕ ಓದಿ (ಈ ಕನ್ನಡ ಅಲ್ಲಿಂದ ಬಂದಿದ್ದು), ಕಾಲೇಜಿಗೆ ಮತ್ತೆ ಅಮೆರಿಕಕ್ಕೆ ಹೋಗಿ, ಅದು ಮುಗೀತಿದ್ದ ಹಾಗೇ ಇದೇ ಪ್ರೋಗ್ರಾಮಲ್ಲಿ ಆಂಡಲೂಸಿಯಾದ ಹಾಯೆನ್ ಪ್ರಾಂತ್ಯಕ್ಕೆ ಹೋದೆ. ವಾಸ ಊಬೆದಾ ಅನ್ನೋ ಊರಲ್ಲಿ, ಸ್ಕೂಲು ಪಕ್ಕದ ಇನ್ನೊಂದು ಚಿಕ್ಕ ಊರಲ್ಲಿ.

ಪಾಠದ ಬಗ್ಗೆ ನೀವು ತಲೆ ಕೆಡಿಸ್ಕೊಳ್ಳೋದೇ ಬೇಡ. ಅವಳು ಅಲ್ಲಿ ಟೀಚರ್ ಅಲ್ಲ, ಅಸಿಸ್ಟೆಂಟು. ಕ್ಲಾಸಲ್ಲಿ ಅಲ್ಲಿನ ಟೀಚರ್ ಇರಲೇಬೇಕು ಅನ್ನೋದು ರೂಲ್ಸು, ಪೇಪರ್ ತಿದ್ದೋದು ಮಾರ್ಕ್ಸ್ ಕೊಡೋದು ಯಾವುದೂ ಅವಳ ತಲೆ ಮೇಲೆ ಇರಲ್ಲ. ಅಕ್ಟೋಬರ್ 1ಕ್ಕೆ ಶುರು, ಮೇ ಕೊನೆಗೆ ಮುಗಿಯುತ್ತೆ. ನಾನಿದ್ದಾಗ ವಾರಕ್ಕೆ 12 ಗಂಟೆ ಕೆಲಸ, ತಿಂಗಳಿಗೆ 700 ಯೂರೊ, ಮ್ಯಾಡ್ರಿಡಲ್ಲಿ 16 ಗಂಟೆಗೆ 1000 ಕೊಡ್ತಿದ್ರು, ಆಮೇಲೆ ಬದಲಾಗಿದೆ, ಅವಳ ಲೆಟರಲ್ಲಿ ಎಷ್ಟಿದೆಯೋ ಅದನ್ನೇ ನಂಬಿ. ಮೊದಲ ವಾರ ಪೂರ್ತಿ ಒಂದೇ ಸ್ಲೈಡ್ ಶೋ, ನನ್ನ ಹೆಸರು ಇದು, ನಮ್ಮೂರು ಇದು, ನಮ್ಮ ಮನೆ ನಾಯಿ ಇದು ಅಂತ ಪ್ರತಿ ಸೆಕ್ಷನ್ನಿಗೂ ಹೋಗಿ ಹೇಳ್ತಾ ಇರೋದು, ಗುರುವಾರದ ಹೊತ್ತಿಗೆ ನಮ್ಮ ನಾಯಿ ಕಂಡ್ರೆ ನನಗೇ ಬೇಜಾರಾಗಿತ್ತು. ಮಕ್ಕಳು ಕೇಳೋ ಪ್ರಶ್ನೆಗಳು ಮಾತ್ರ ಮಜವಾಗಿರುತ್ತೆ: ಮನೇಲಿ ಗನ್ ಇದ್ಯಾ, ಹಳದಿ ಸ್ಕೂಲ್ ಬಸ್ಸು ನಿಜವಾಗ್ಲೂ ಇದ್ಯಾ, ಬ್ಯಾಸ್ಕೆಟ್‌ಬಾಲ್ ಆಡೋ ಲೆಬ್ರಾನ್ ಜೇಮ್ಸ್‌ನ ನೋಡಿದ್ದೀಯಾ.

ಮತ್ತೆ ಒಂದು ಪ್ರಶ್ನೆ ಖಂಡಿತ ಬರುತ್ತೆ, ಅವಳಿಗೆ ಮೊದಲೇ ಹೇಳಿಡಿ. ಅಮೆರಿಕದಿಂದ ಟೀಚರ್ ಬರ್ತಾರೆ ಅಂದ್ರೆ ಅಲ್ಲಿನ ಮಕ್ಕಳು ಚಿನ್ನದ ಕೂದಲಿನವರನ್ನ ಕಾಯ್ತಾ ಕೂತಿರ್ತಾರೆ, ನಮ್ಮ ಮುಖ ನೋಡಿ 'ಇಲ್ಲ, ನಿಜವಾಗಿ ನಿಮ್ಮೂರು ಯಾವುದು' ಅಂತಾರೆ. ಕೆಟ್ಟ ಮನಸ್ಸಿಂದ ಕೇಳಲ್ಲ, ಆದ್ರೂ ಒಂದೇ ದಿನ ಮೂರು ಕ್ಲಾಸಲ್ಲಿ ಕೇಳಿಸ್ಕೊಂಡ್ರೆ ಚುಚ್ಚುತ್ತೆ. ನಾನು ಸ್ಲೈಡಲ್ಲೇ ಮೈಸೂರು ಅರಮನೆ ದಸರಾ ಲೈಟಿನ ಫೋಟೋ ಹಾಕಿ ಅಜ್ಜಿ ಮನೆ ಇರೋ ಊರು ಇದು ಅಂದುಬಿಟ್ಟೆ, ಆಮೇಲೆ ಇಡೀ ಗಂಟೆ ಆನೆ ಬಗ್ಗೇನೇ ಪ್ರಶ್ನೆ, ಅದೂ ಇಂಗ್ಲಿಷಲ್ಲೇ. ನಮಗೆ ಬೇಕಾಗಿದ್ದೂ ಅವರು ಬಾಯಿ ಬಿಡೋದು ತಾನೆ.

ಗಲಾಟೆಗೆ ರೆಡಿ ಇರಲಿ. ಟೀಚರ್ ಬಂದ್ರೆ ಎದ್ದು ನಿಲ್ಲೋದು ಗಿಲ್ಲೋದು ಏನಿಲ್ಲ, ಹೆಡ್‌ಮಿಸ್ಟ್ರೆಸ್ಸನ್ನೂ ಹೆಸರು ಹಿಡಿದೇ ಕರೀತಾರೆ, ಮೈಸೂರಲ್ಲಿ ಓದಿದ ನನಗೇ ಅದು ಅರಗೋಕೆ ಟೈಮ್ ಬೇಕಾಯ್ತು. ಪುಸ್ತಕಗಳೆಲ್ಲ ಬ್ರಿಟಿಷ್ ಇಂಗ್ಲಿಷು, ಹಾಗಾಗಿ ಅಮೆರಿಕದಿಂದ ಬಂದ ಬೇರೆ ಅಸಿಸ್ಟೆಂಟ್‌ಗಳು ತಡವರಿಸೋ ಕಡೆ ನಮ್ಮ ಇಂಡಿಯನ್ ಸ್ಕೂಲಿನ ಇಂಗ್ಲಿಷ್ ಕೈ ಹಿಡಿಯಿತು. ಇಸ್ಕೂಲು ಇಸ್ಟೂಲು ಅನ್ನೋ ನಮ್ಮ ಹಳ್ಳಿಯವರ ಥರಾನೇ ಅವರೂ ಎಸ್ಕೂಲ್, ಎಸ್ಪೇನ್ ಅಂತಾರೆ, ಕೇಳಿದಾಗೆಲ್ಲ ನನಗೆ ನಮ್ಮ ಅಜ್ಜ ನೆನಪಾಗ್ತಿದ್ರು.

ಕಷ್ಟ ಇರೋದು ಸ್ಕೂಲಿನ ಹೊರಗೆ. ಮೊದಲು ರೂಮು. ಆನ್‌ಲೈನಲ್ಲಿ ಫೋಟೋ ನೋಡಿ ಅಡ್ವಾನ್ಸ್ ಕಳಿಸೋದು ಬೇಡ, ಹೋಗಿ ಹಾಸ್ಟೆಲಲ್ಲೋ ಚೀಪ್ ಲಾಡ್ಜಲ್ಲೋ ಒಂದು ವಾರ ಇದ್ದು ಕಣ್ಣಾರೆ ನೋಡಿ ತಗೊಳ್ಳಲಿ. ಊಬೆದಾದಲ್ಲಿ ಶೇರಿಂಗಲ್ಲಿ ಇನ್ನೂರು ಯೂರೊ ಆಸುಪಾಸಿಗೆ ರೂಮ್ ಸಿಗ್ತಿತ್ತು, ಒಂದು ತಿಂಗಳ ಬಾಡಿಗೆ ಡಿಪಾಸಿಟ್ಟು. ಆದ್ರೆ ಅಲ್ಲಿ ಸೆಪ್ಟೆಂಬರ್ ಕೊನೆಗೆ ಸಾನ್ ಮಿಗೆಲ್ ಜಾತ್ರೆ, ಅಕ್ಟೋಬರ್ 4ರ ತನಕ ಊರಿಗೆ ಊರೇ ಜಾತ್ರೇಲಿ, ಫೋನ್ ಮಾಡಿದ್ರೆ ಜಾತ್ರೆ ಮುಗೀಲಿ ಬಾ ಅಂತಾರೆ. ಆಮೇಲೆ ಕಾಗದ ಪತ್ರ. ಟಿಐಇ ಅಂತ ಒಂದು ಫಾರಿನರ್ ಕಾರ್ಡು, ಸ್ಪೇನಿಗೆ ಬಂದ 30 ದಿನದೊಳಗೆ ಅರ್ಜಿ ಹಾಕಬೇಕು, ಅದಕ್ಕೆ ಆನ್‌ಲೈನ್ ಅಪಾಯಿಂಟ್‌ಮೆಂಟ್ ಬೇಕು, ಆ ಅಪಾಯಿಂಟ್‌ಮೆಂಟೇ ಸಿಗಲ್ಲ, ಬೆಳಿಗ್ಗೆ ಎದ್ದು ನಮ್ಮ ತತ್ಕಾಲ್ ಟಿಕೆಟ್ ಥರ ರಿಫ್ರೆಶ್ ಮಾಡ್ತಾ ಕೂರಬೇಕು. ಜೊತೆಗೆ ಈ ಅಡ್ರೆಸ್ಸಲ್ಲಿ ಇದೀನಿ ಅಂತ ಊರಿನ ಮುನ್ಸಿಪಾಲಿಟಿಯಲ್ಲಿ ನೋಂದಾಯಿಸಿದ ಚೀಟಿ, 790 ನಂಬರಿನ ಫಾರಂ ತುಂಬಿ ಬ್ಯಾಂಕಲ್ಲಿ ಫೀಸ್ ಕಟ್ಟಿದ ರಶೀದಿ, ಫೋಟೋ, ಪಾಸ್‌ಪೋರ್ಟ್ ಜೆರಾಕ್ಸು, ಬೆರಳಚ್ಚು. ಇಂಡಿಯಾದಲ್ಲಿ ಆಫೀಸು ಅಲೆದವರಿಗೆ ಇದೇನು ಹೊಸದಲ್ಲ, ನನ್ನ ಜೊತೆ ಬಂದಿದ್ದ ಒಹಾಯೋ ಹುಡುಗ ಮಾತ್ರ ಅಳೋದೊಂದು ಬಾಕಿ. ದುಡ್ಡು ಮೊದಲ ತಿಂಗಳು ಮುಗಿಯೋಕೆ ಮುಂಚೆ ಬರಲ್ಲ, ಕೆಲವು ಸಲ ಇನ್ನೂ ತಡ, ಹಾಗಾಗಿ ಎರಡು ಮೂರು ತಿಂಗಳ ಖರ್ಚು ಅಕೌಂಟಲ್ಲಿ ಇಟ್ಕೊಂಡೇ ಹೋಗಲಿ.

ಇನ್ನೊಂದು, ಇದನ್ನ ಯಾರೂ ಹೇಳಲ್ಲ. ಆ ಮಧ್ಯಾಹ್ನಗಳು. ಸ್ಕೂಲು ಎರಡೂ ಮುಕ್ಕಾಲಿಗೆ ಮುಗಿಯುತ್ತೆ, ಎಲ್ಲರೂ ಮನೆಗೆ ಹೋಗಿ ಮೂರಕ್ಕೆ ಊಟಕ್ಕೆ ಕೂರ್ತಾರೆ, ಚಿಕ್ಕ ಅಂಗಡಿಗಳೆಲ್ಲ ಐದರ ತನಕ ಷಟರ್ ಇಳಿಸಿರ್ತವೆ, ಭಾನುವಾರ ಅಂತೂ ಪೂರ್ತಿ ಬಂದ್. ನನಗಿದ್ದ ಹಾಗೆ ವಾರಕ್ಕೆ ನಾಲ್ಕು ದಿನ, ದಿನಕ್ಕೆ ಮೂರು ಗಂಟೆ ಕೆಲಸ ಅಂದ್ರೆ ಕೇಳೋಕೆ ಸ್ವರ್ಗ, ಆದ್ರೆ ಭಾಷೆ ಅರ್ಧಂಬರ್ಧ ಬರೋ ಊರಲ್ಲಿ (ಆಂಡಲೂಸಿಯಾದವರು ಪದದ ಕೊನೆಯ 'ಸ' ನುಂಗಿಬಿಡ್ತಾರೆ, ಕಾಲೇಜಲ್ಲಿ ಕಲಿತ ಸ್ಪ್ಯಾನಿಷ್ ಮೊದಲ ತಿಂಗಳು ಉಪಯೋಗಕ್ಕೇ ಬರಲ್ಲ) ಖಾಲಿ ಟೈಮ್ ಅಷ್ಟೊಂದಿದ್ರೆ ತಲೆ ಸುಮ್ನಿರಲ್ಲ. ಅವಳು ಫೋನ್ ಮಾಡಿ ವಾಪಸ್ ಬಂದುಬಿಡ್ತೀನಿ ಅಂದ್ರೆ ಅದು ಇಂಥ ಹೊತ್ತಲ್ಲೇ ಇರುತ್ತೆ. ಅದಕ್ಕೇ, ಹನ್ನೊಂದರ ಬ್ರೇಕಲ್ಲಿ ಟೀಚರ್‌ಗಳು ಟೊಮ್ಯಾಟೊ, ಆಲಿವ್ ಎಣ್ಣೆ ಹಾಕಿದ ಟೋಸ್ಟು ಕಾಫಿಗೆ ಹೋಗ್ತಾರಲ್ಲ, ಏನೂ ಅರ್ಥ ಆಗದಿದ್ರೂ ಜೊತೇಲಿ ಹೋಗಿ ಕೂರಲಿ. ನನಗೆ ಕಾರ್‌ಪೂಲ್ ಸಿಕ್ಕಿದ್ದು ಆ ಟೇಬಲ್ಲಲ್ಲೇ, ಟ್ಯೂಷನ್ ಹುಡುಗರು ಸಿಕ್ಕಿದ್ದೂ ಅಲ್ಲೇ. ಸಂಜೆಗೆ ಯಾವುದಾದ್ರೂ ಕ್ಲಾಸಿಗೋ ಜಿಮ್ಮಿಗೋ ಕಣ್ಣು ಮುಚ್ಚಿ ಸೇರಿಬಿಡಲಿ. ಪಕ್ಕದ ಬಾಎಸಾದಲ್ಲಿ 1912ರಿಂದ 1919ರ ತನಕ ಕವಿ ಆಂತೋನಿಯೋ ಮಚಾದೋ ಫ್ರೆಂಚ್ ಮೇಷ್ಟ್ರಾಗಿದ್ರು, ಅವರ ಕ್ಲಾಸ್‌ರೂಮ್ ಹಾಗೇ ಇಟ್ಟಿದ್ದಾರೆ. ಅಲ್ಲಿ ಹೋಗಿ ನಿಂತಾಗ ಫಾರಿನ್ ಲ್ಯಾಂಗ್ವೇಜ್ ಮೇಷ್ಟ್ರಿಗೆ ಈ ಬೇಜಾರು ನೂರು ವರ್ಷದಿಂದ ಇದ್ದಿದ್ದೇ ಅಂತ ನಗು ಬಂತು.

ಊಟ. ಮಾಂಸ ಹಾಕ್ಬೇಡಿ ಅಂದ್ರೆ ಮೀನು ಹಾಕ್ತಾರೆ, ಎರಡೂ ಬೇಡ ಅಂದ್ರೆ ಹಮೋನ್ ಅಂದ್ರೆ ಒಣಗಿಸಿದ ಹಂದಿ ಮಾಂಸದ ಚೂರು ಉದುರಿಸಿ ಕೊಡ್ತಾರೆ, ಅವರ ಲೆಕ್ಕದಲ್ಲಿ ಅದು ಮಾಂಸದ ಪಟ್ಟಿಗೇ ಬರಲ್ಲ. ಮಾಂಸ, ಮೀನು, ಹಮೋನ್ ಮೂರೂ ಹೆಸರು ಹೇಳಿ ಬೇಡ ಅನ್ನೋದನ್ನ ಬಾಯಿಪಾಠ ಮಾಡಿಸಿ. ಬೇಳೆ, ಕಡಲೆಕಾಳು, ಅಕ್ಕಿ ಎಲ್ಲಾ ಸೂಪರ್ ಮಾರ್ಕೆಟಲ್ಲಿ ಸಿಗುತ್ತೆ, ಕರಿಬೇವು, ಸಾಸಿವೆ ಸಿಗೋದು ಕಷ್ಟ. ಸಾರಿನ ಪುಡಿ, ಚಟ್ನಿಪುಡಿ ಎಷ್ಟಾದ್ರೂ ಕಟ್ಟಿ ಕಳಿಸಿ, ತುಪ್ಪ ಮಾತ್ರ ಬೇಡ. ಯುರೋಪಿಯನ್ ಯೂನಿಯನ್ ಹೊರಗಿಂದ ಹಾಲಿನ ಪದಾರ್ಥ, ಮಾಂಸ ತರೋ ಹಾಗಿಲ್ಲ, ಏರ್‌ಪೋರ್ಟಲ್ಲಿ ಬಿಸಾಕಿಸ್ತಾರೆ.

ಡಿಸೆಂಬರಲ್ಲಿ ಧಾರಾಳವಾಗಿ ಹೋಗಿ. ಕ್ರಿಸ್ಮಸ್‌ಗೆ ಸ್ವಲ್ಪ ಮುಂಚೆ ಸ್ಕೂಲ್ ಮುಚ್ಚಿದ್ರೆ ಜನವರಿ 6ರ ಹಬ್ಬ ಕಳೆದ ಮೇಲೇ ತೆಗೆಯೋದು. ಆಗ ಆಲಿವ್ ಕೊಯ್ಲು ಜೋರು, ಇಡೀ ಹಾಯೆನಲ್ಲಿ ಆರು ಕೋಟಿಗೂ ಹೆಚ್ಚು ಆಲಿವ್ ಮರ ಇದೆ, ಕಣ್ಣು ಹಾಯಿಸಿದ ಕಡೆಯೆಲ್ಲ ಅದೇ. ಊಬೆದಾ, ಬಾಎಸಾ ಎರಡೂ 2003ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಊರುಗಳು, ಅವಳ ಊರು ಬೇರೆ ಆದ್ರೂ ಅಲ್ಲಿಗೊಂದು ದಿನ ಹೋಗಿ ಬನ್ನಿ. ಸ್ವೆಟರ್ ದಪ್ಪನೆಯದೇ ತಗೊಂಡು ಹೋಗಿ, ದಕ್ಷಿಣ ಸ್ಪೇನ್ ಅಂದ್ರೆ ಬಿಸಿಲು ಅಂತ ಹೋದವರೆಲ್ಲ ಮನೆ ಒಳಗೇ ನಡುಗ್ತಾರೆ, ಎಷ್ಟೋ ಹಳೇ ಮನೆಗಳಲ್ಲಿ ಸೆಂಟ್ರಲ್ ಹೀಟಿಂಗ್ ಇರಲ್ಲ, ಟೇಬಲ್ ಕೆಳಗೆ ಒಂದು ಹೀಟರ್ ಇಟ್ಟು ಮೇಲೆ ದಪ್ಪ ಬಟ್ಟೆ ಹೊದಿಸಿರ್ತಾರೆ, ಕಾಲು ಒಳಗೆ ತೂರಿಸ್ಕೊಂಡು ಕೂರೋದು ಅಷ್ಟೇ.