ಫೈನಲ್ ಫ್ಯಾಂಟಸಿ 8: ಒಬ್ಬರಿಗೆ ಪ್ರಾಣ, ಇನ್ನೊಬ್ಬರಿಗೆ ಬೇಸರ

ಪ್ರಶ್ನೆ: ಫೈನಲ್ ಫ್ಯಾಂಟಸಿ 8 ನನಗೆ ತುಂಬಾ ಇಷ್ಟ. ನನ್ನ ಗೆಳೆಯ ಮಾತ್ರ ಇಡೀ ಸರಣಿಯಲ್ಲೇ ಕೆಟ್ಟ ಗೇಮ್ ಅದು ಅನ್ನುತ್ತಾನೆ. ಯಾರು ಸರಿ?

ಉತ್ತರ: ಈ ಜಗಳ 1999ರಲ್ಲಿ ಪ್ಲೇಸ್ಟೇಷನ್‌ಗೆ ಗೇಮ್ ಬಂದಾಗಿನಿಂದ ಇದೆ. ಬೇರೆ ಗೇಮ್‌ಗಳಲ್ಲಿ ಶತ್ರುಗಳನ್ನು ಹೊಡೆದು ಲೆವೆಲ್ ಏರಿಸಿಕೊಂಡರೆ ಮುಂದಿನ ದಾರಿ ಸುಲಭ, ಅಲ್ವಾ? ಇಲ್ಲಿ ನಿಮ್ಮ ಜೊತೆ ಶತ್ರುಗಳ ಲೆವೆಲ್ಲೂ ಏರುತ್ತದೆ. ಹಳೇ ಅಭ್ಯಾಸದಲ್ಲಿ ಗಂಟೆಗಟ್ಟಲೆ ಕಾದಾಡಿದವರಿಗೆ ಮೋಸ ಹೋದ ಹಾಗೆ ಅನಿಸಿದ್ದರಲ್ಲಿ ತಪ್ಪಿಲ್ಲ.

ನಿಜವಾದ ಶಕ್ತಿ ಇರುವುದು ಜಂಕ್ಷನ್ ಅನ್ನುವ ಜೋಡಣೆ ವ್ಯವಸ್ಥೆಯಲ್ಲಿ. ಮಂತ್ರಗಳನ್ನು ಕೂಡಿಟ್ಟು ನಿಮ್ಮ ಬಲಕ್ಕೋ ಆಯಸ್ಸಿಗೋ ಜೋಡಿಸಬೇಕು, ಒಂದೊಂದು ಮಂತ್ರವನ್ನೂ 100ರವರೆಗೆ ಇಟ್ಟುಕೊಳ್ಳಬಹುದು, ಆದರೆ ಜೋಡಿಸಿದ ಮಂತ್ರವನ್ನು ಬಳಸಿದರೆ ಆ ಬಲವೂ ಇಳಿಯುತ್ತದೆ. ಶತ್ರುವಿನಿಂದ ಮಂತ್ರಗಳನ್ನು ಸ್ವಲ್ಪ ಸ್ವಲ್ಪವೇ ಡ್ರಾ ಮಾಡುತ್ತಾ, ಅಂದರೆ ಸೆಳೆದುಕೊಳ್ಳುತ್ತಾ ಕೂತರೆ ಯಾರಿಗಾದರೂ ಬೇಜಾರಾಗುತ್ತದೆ. ನಿಮ್ಮ ಗೆಳೆಯ ಬಹುಶಃ ಅಲ್ಲೇ ಸೋತಿರಬೇಕು.

ನನ್ನ ಮಟ್ಟಿಗೆ ಇದು ಸರಣಿಯ ಅತ್ಯಂತ ಧೈರ್ಯದ ಗೇಮ್. ಗೇಮ್ ಒಳಗಿನ ಕಾರ್ಡ್ ಆಟ ಟ್ರಿಪಲ್ ಟ್ರಯಾಡ್ ಆಡಿ ಗೆದ್ದ ಕಾರ್ಡುಗಳನ್ನು ವಸ್ತುಗಳಾಗಿ, ಆ ವಸ್ತುಗಳನ್ನು ಮಂತ್ರಗಳಾಗಿ ಬದಲಿಸಿಕೊಂಡರೆ ಲೆವೆಲ್ ಹೆಚ್ಚಿಸದೆಯೇ ಶುರುವಿನಲ್ಲೇ ಬಲಶಾಲಿ ಆಗಬಹುದು, ಇದು ಗೊತ್ತಾದ ದಿನ ನಾನು ಮತ್ತೆ ಮೊದಲಿನಿಂದ ಆಡಿದೆ. ಹಣವೂ ಹಾಗೇ, ಶತ್ರುವನ್ನು ಕೊಂದರೆ ಸಿಗುವುದಿಲ್ಲ, ಕೆಲಸಕ್ಕೆ ಸಂಬಳ ಬರುತ್ತದೆ.

ಕಥೆಯ ಕೊನೆ ಭಾಗ ಜಾಳು, ಅದನ್ನು ಒಪ್ಪುತ್ತೇನೆ. ನಾಯಕ ಸ್ಕ್ವಾಲ್‌ನ ಮೌನ ಮಾತ್ರ ನನಗೆ ಸೊಕ್ಕು ಅನಿಸಲೇ ಇಲ್ಲ. ಚಿಕ್ಕಂದಿನಲ್ಲೇ ಒಂಟಿಯಾದ ಹುಡುಗ ಅವನು.

ಗೆಳೆಯನಿಗೆ ಇದೇ ಗೇಮ್‌ನ 2019ರ ಸುಧಾರಿತ ಆವೃತ್ತಿ ರೀಮಾಸ್ಟರ್ಡ್ ಕೊಡಿ. ಅದರಲ್ಲಿ ಮೂರು ಪಟ್ಟು ವೇಗದಲ್ಲಿ ಆಡಬಹುದು. ಕಾರ್ಡುಗಳಿಂದಲೇ ಶುರು ಮಾಡಲಿ.