ಹೆಸರಿಗಷ್ಟೇ ಉಳಿದ ಪ್ರತಿಭಾವಂತರ ಸಂಘಕ್ಕೆ ಜೀವ ತುಂಬುವುದು ಹೇಗೆ?

ವಿರಾಜಪೇಟೆಯ ನಿಮ್ಮ ಕಾಲೇಜಿನ ಪ್ರತಿಭಾವಂತ ವಿದ್ಯಾರ್ಥಿಗಳ ಸಂಘ ಪ್ರಮಾಣಪತ್ರ ಹಂಚಿ ಸುಮ್ಮನಾಗುತ್ತದೆ, ಏನು ಮಾಡಲಿ ಎಂದು ಕೇಳಿದ್ದೀರಿ. ಸದಸ್ಯರಿಗೆ ಕೈತುಂಬ ಕೆಲಸ ಕೊಡಿ. ಅಮೆರಿಕದಲ್ಲಿ 1921ರಲ್ಲಿ ಆರಂಭವಾದ ನ್ಯಾಷನಲ್ ಆನರ್ ಸೊಸೈಟಿ ಅಂಕಗಳ ಜೊತೆಗೆ ಸೇವೆ, ನಾಯಕತ್ವ, ನಡತೆಯನ್ನೂ ನೋಡಿಯೇ ಸದಸ್ಯತ್ವ ಕೊಡುತ್ತದೆ.

ಕೊಡಗಿನಲ್ಲಿ ಸೇವೆಗೆ ದೂರ ಹೋಗಬೇಕಿಲ್ಲ. ರೊಬಸ್ಟಾ ಕಾಫಿ ಕೊಯ್ಲಿನ ಭರಾಟೆಯಲ್ಲೇ ಎಸ್ಸೆಸ್ಸೆಲ್ಸಿ ಪರೀಕ್ಷೆಯೂ ಹತ್ತಿರ ಬಂದಿರುತ್ತದೆ. ತಾಯಿ ಇನ್ನೂ ಹಣ್ಣು ತೂಗಿಸುವ ಸಾಲಿನಲ್ಲಿರುವಾಗ, ಲೈನ್ ಮನೆಯ (ತೋಟದ ಕಾರ್ಮಿಕರ ಸಾಲುಮನೆಯ) ಹುಡುಗಿ ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡೇ ಲೆಕ್ಕ ಬಿಡಿಸುತ್ತಿರುತ್ತಾಳೆ. ಪಾಠ ಹೇಳಿಕೊಡಲು ಒಬ್ಬ ಸದಸ್ಯರಿಗೆ ಇಂಥ ಇಬ್ಬರು ಮಕ್ಕಳನ್ನು ಒಪ್ಪಿಸಿ. ಪರೀಕ್ಷೆ ಮುಗಿಯುವವರೆಗೂ ಬದಲಿಸಬೇಡಿ. ಒಂದು ದಿನದ ಶ್ರಮದಾನ, ಫೋಟೊಗಳಿಂದ ಸಂಘ ಕಟ್ಟಲಾಗದು. ಮುಂದಿನ ಪದಾಧಿಕಾರಿಗಳನ್ನು ಹೀಗೆ ಪಾಠ ಹೇಳಿದವರಿಂದಲೇ ಆರಿಸಿ.