ಪೆನ್ಸಿಲ್ ತೂರುವ ಸಂದಿಯಲ್ಲಿ ಇಲಿಯೂ ತೂರುತ್ತದೆ

ಪ್ರಶ್ನೆ: ಮೈಸೂರಿನ ಕುವೆಂಪುನಗರದಲ್ಲಿ ಅಪಾರ್ಟ್‌ಮೆಂಟಿನ ಎರಡನೇ ಮಹಡಿ ನಮ್ಮದು. ಬಾಗಿಲು ಸದಾ ಹಾಕಿಯೇ ಇರುತ್ತದೆ, ಆದರೂ ಅಡುಗೆಮನೆಯಲ್ಲಿ ಇಲಿ. ವಿಷದ ಕೇಕ್ ಇಟ್ಟೆವು. ಒಂದು ಎಲ್ಲೋ ಸತ್ತು ನಾರುತ್ತಿದೆ, ಮಿಕ್ಕವು ಓಡಾಡುತ್ತಲೇ ಇವೆ.

ಉತ್ತರ: ಮೊದಲು ಹಿಕ್ಕೆ ನೋಡಿ. ಅಕ್ಕಿಕಾಳಿನಷ್ಟಿದ್ದರೆ ಚಿಕ್ಕ ಇಲಿ. ಅರ್ಧ ಇಂಚು ಅಥವಾ ಇನ್ನೂ ಉದ್ದವಿದ್ದರೆ ಪೈಪು, ಕೇಬಲ್ ಹಿಡಿದು ಹತ್ತಿಬರುವ ದೊಡ್ಡ ಇಲಿ. ಎರಡಕ್ಕೂ ಮಹಡಿ ಒಂದು ಲೆಕ್ಕವೇ ಅಲ್ಲ.

ಈಗ ಸಿಂಕಿನ ಕೆಳಗೆ ಮಂಡಿಯೂರಿ ಟಾರ್ಚ್ ಬಿಡಿ. ಒಂದೂವರೆ ಇಂಚಿನ ವೇಸ್ಟ್ ಪೈಪಿಗೆ ಮೂರು ಇಂಚು ಗೋಡೆ ಒಡೆದು, ಮೇಲೊಂದು ಪ್ಲಾಸ್ಟಿಕ್ ಬಳೆ ಸಿಕ್ಕಿಸಿ ಹೋಗಿರುತ್ತಾರೆ. ಆ ಬಳೆಯನ್ನು ಹಿಂದಕ್ಕೆ ಸರಿಸಿದರೆ ಆಚೆ ಡಕ್ಟಿನ, ಅಂದರೆ ಎಲ್ಲ ಮಹಡಿಗಳ ಪೈಪುಗಳು ಇಳಿಯುವ ಕಿಂಡಿಯ, ಕತ್ತಲೆ ಕಾಣುತ್ತದೆ. ಹತ್ತರಲ್ಲಿ ಎಂಟು ಮನೆಗಳಲ್ಲಿ ದಾರಿ ಇಲ್ಲೇ ಎಂದರೂ ತಪ್ಪಿಲ್ಲ. ಆಮೇಲೆ ವಾಷಿಂಗ್ ಮಷೀನಿನ ಹಿಂಭಾಗ, ಎ.ಸಿ. ಪೈಪಿನ ತೂತು, ಇಂಟರ್ನೆಟ್ ಕೇಬಲ್ ಬರುವ ಜಾಗ, ಎಕ್ಸಾಸ್ಟ್ ಫ್ಯಾನು, ಬಾಗಿಲಿನ ಅಡಿ. ಕೈಯಲ್ಲೊಂದು ಪೆನ್ಸಿಲ್ ಇರಲಿ. ಅದರ ದಪ್ಪ ಸುಮಾರು 7 ಮಿ.ಮೀ.; ಚಿಕ್ಕ ಇಲಿಗೆ 6 ಮಿ.ಮೀ. ಸಂದಿ ಸಾಕು. ಅಂಚು ಕಪ್ಪಗೆ ಜಿಡ್ಡುಗಟ್ಟಿದ್ದರೆ ಅನುಮಾನವೇ ಬೇಡ. ಇಲ್ಲದಿದ್ದರೆ ರಾತ್ರಿ ಅಲ್ಲಿ ತೆಳುವಾಗಿ ರಂಗೋಲಿ ಪುಡಿ ಉದುರಿಸಿ. ಬೆಳಗ್ಗೆ ಹೆಜ್ಜೆ ಗುರುತು, ನಡುವೆ ಬಾಲ ಎಳೆದ ಗೆರೆ ಮೂಡಿರುತ್ತದೆ.

ಮುಚ್ಚುವುದಕ್ಕೆ ಪಾತ್ರೆ ತಿಕ್ಕುವ ಸ್ಟೀಲ್ ಸ್ಕ್ರಬ್ಬರ್ ತನ್ನಿ. ಬಿಡಿಸಿ ಎಳೆದು, ಸ್ಕ್ರೂಡ್ರೈವರಿನಿಂದ ಪೈಪಿನ ಸುತ್ತ ಒತ್ತಿ ತುಂಬಿ, ಮೇಲೆ ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳಿನ ಗಾರೆ ಮೆತ್ತಿ. ಬರೀ ಗಾರೆ ಏಕೆ ಸಾಲದು? ಪಿವಿಸಿ ಪೈಪು ಬಿಸಿಗೆ ಹಿಗ್ಗಿ ತಣ್ಣಗಾದಾಗ ಕುಗ್ಗುತ್ತದೆ, ಸುತ್ತ ಬಿರುಕು ಬಿಡುತ್ತದೆ. ಬಿಟ್ಟ ಬಿರುಕನ್ನು ಇಲಿ ಕೆರೆದು ದೊಡ್ಡದು ಮಾಡುತ್ತದೆ. ಒಳಗೆ ಸ್ಟೀಲ್ ಇದ್ದರೆ ಹಲ್ಲು ನಾಟುವುದಿಲ್ಲ. ಉಬ್ಬುವ ಫೋಮ್ ಒಂದನ್ನೇ ನಂಬಬೇಡಿ, ಅದನ್ನು ಬೆಣ್ಣೆಯಂತೆ ಕೊರೆಯುತ್ತವೆ. ಗಾರೆ ಕೆಲಸ ಬೆಳಗ್ಗೆಯೇ ಮುಗಿಯಲಿ. ಸಂಜೆ ಮೆತ್ತಿದ ಹಸಿ ಗಾರೆಯನ್ನು ರಾತ್ರಿಯೇ ತೋಡಿಹಾಕುವುದುಂಟು. ಎಕ್ಸಾಸ್ಟ್ ಫ್ಯಾನಿಗೆ ಹೊರಗಿನಿಂದ ಕಾಲಿಂಚು ಕಣ್ಣಿನ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಜಾಲರಿ ಹೊಡೆಸಿ. ಸೊಳ್ಳೆ ಪರದೆಯ ಪ್ಲಾಸ್ಟಿಕ್ ಜಾಲರಿ ಒಂದು ರಾತ್ರಿಯ ಮಾತು.

ಒಳಗಿರುವುದನ್ನು ಬೋನಿನಲ್ಲಿ ಹಿಡಿಯಿರಿ. ಚಿಕ್ಕ ಇಲಿ ಗೂಡಿನಿಂದ ಹತ್ತು ಮೀಟರಿನಾಚೆ ಹೋಗುವುದು ಕಡಿಮೆ. ನಡುಮನೆಯಲ್ಲಿ ಒಂದು ಬೋನಿಟ್ಟು ಕಾಯುವ ಬದಲು ಗೋಡೆಗುಂಟ ಎರಡು ಮೀಟರಿಗೊಂದರಂತೆ ನಾಲ್ಕೈದು ಇಡಿ. ಸುಟ್ಟ ಕೊಬ್ಬರಿ ಚೂರು ಸಾಕು. ದೊಡ್ಡ ಇಲಿಗೆ ಹೊಸ ವಸ್ತು ಕಂಡರೆ ಗುಮಾನಿ. ಮೂರು ರಾತ್ರಿ ಬೋನನ್ನು ಹೂಡದೆ, ಬರೀ ತಿಂಡಿಯಿಟ್ಟು ಬಿಡಿ.

ನೀವು ಇಟ್ಟದ್ದು ಬಹುಶಃ ಬ್ರೊಮಾಡಿಯೊಲೋನ್ ಕೇಕ್. ಅದು ರಕ್ತ ಹೆಪ್ಪುಗಟ್ಟದಂತೆ ಮಾಡಿ ನಾಲ್ಕೈದು ದಿನಕ್ಕೆ ಕೊಲ್ಲುತ್ತದೆ. ಅಷ್ಟರಲ್ಲಿ ಇಲಿ ಅಟ್ಟದ ಮೇಲೋ ಡಕ್ಟಿನೊಳಗೋ ಸೇರಿರುತ್ತದೆ, ನಾತ ನಿಮಗೆ ಉಳಿಯುತ್ತದೆ. ವಿಷ ಇಡಲೇಬೇಕಾದರೆ ಮನೆಯ ಹೊರಗೆ, ಬೀಗವಿರುವ ಪೆಟ್ಟಿಗೆಯಲ್ಲಿ. ಮಗು ಬಾಯಿಗೆ ಹಾಕಿಕೊಂಡರೆ ಪೊಟ್ಟಣದ ಸಮೇತ ಆಸ್ಪತ್ರೆಗೆ ಓಡಿ. ಇದಕ್ಕೆ ವಿಟಮಿನ್ ಕೆ1 ಪ್ರತಿವಿಷವಿದೆ. ಹಳದಿ ರಂಜಕದ ಪೇಸ್ಟಿಗೆ ಪ್ರತಿವಿಷವಿಲ್ಲ, ಪಿತ್ತಜನಕಾಂಗವನ್ನೇ ಕೆಡಿಸುತ್ತದೆ. ಅದನ್ನು ಮನೆಗೆ ತರಲೇಬೇಡಿ.

ಹಿಕ್ಕೆಯನ್ನು ಒಣದಾಗಿ ಗುಡಿಸಬೇಡಿ. ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ಚಿಮುಕಿಸಿ, ಹತ್ತು ನಿಮಿಷ ಬಿಟ್ಟು, ಕೈಗವಸು ಹಾಕಿಕೊಂಡು ಒರೆಸಿ ತೆಗೆಯಿರಿ. ಇಲಿಜ್ವರ ಹರಡುವುದು ಮೂತ್ರದಿಂದ.

ಇಷ್ಟಾದರೂ ನಿಮ್ಮೊಂದು ಮನೆ ಮುಚ್ಚಿದರೆ ಅವು ಪಕ್ಕದ ಮನೆಗೆ ಹೋಗುತ್ತವೆ, ಅಷ್ಟೆ. ಡಕ್ಟಿನ ಬಾಗಿಲು, ಮೇಲಿನ ಟ್ಯಾಂಕಿನ ಓವರ್‌ಫ್ಲೋ ಪೈಪು, ಕಟ್ಟಡಕ್ಕೆ ನಾಲ್ಕು ಅಡಿಯೊಳಗೆ ಚಾಚಿದ ಕೊಂಬೆ, ಮುಚ್ಚಳವಿಲ್ಲದ ಹಸಿಕಸದ ಡ್ರಮ್ಮು: ಈ ನಾಲ್ಕನ್ನು ಸಂಘದ ಸಭೆಯಲ್ಲಿ ಎತ್ತಿ.

ಪ್ರಶ್ನೆ: ಮಂಡ್ಯದ ಹತ್ತಿರ ಗದ್ದೆ ಪಕ್ಕದಲ್ಲೇ ಮನೆ. ಹೆಗ್ಗಣ ಅಡಿಪಾಯದ ಬದಿಯಲ್ಲಿ ತೋಡಿ ಮಣ್ಣು ಗುಡ್ಡೆ ಹಾಕುತ್ತಿದೆ. ಗಾಜಿನ ಚೂರು ತುಂಬಿ ಸಿಮೆಂಟ್ ಹಾಕಿದರೆ ಪಕ್ಕದಲ್ಲೇ ಇನ್ನೊಂದು ಬಿಲ.

ಉತ್ತರ: ಭತ್ತದ ಕೊಯ್ಲಾಗಿ, ಕಬ್ಬು ಕಡಿದ ಮೇಲೆ ಗದ್ದೆಯಲ್ಲಿ ಮರೆಯೂ ಇಲ್ಲ, ಮೇವೂ ಇಲ್ಲ. ಬದುವಿನಲ್ಲಿದ್ದವು ಮನೆ ಕಡೆ ತಿರುಗುತ್ತವೆ. ಸಂಜೆ ಎಲ್ಲ ಬಿಲಗಳ ಬಾಯಿಗೂ ಹಸಿಮಣ್ಣು ಮೆತ್ತಿ. ಬೆಳಗ್ಗೆ ತೆರೆದಿರುವುದೇ ಜೀವಂತ ಬಿಲ, ಬೋನು ಅಲ್ಲಿಡಿ.

ಹಿಡಿದಾದ ಮೇಲೆ ಗೋಡೆಗುಂಟ ಒಂದೂವರೆ ಅಡಿ ಆಳದ ಕಾಲುವೆ ತೋಡಿ. ಅರ್ಧ ಇಂಚು ಕಣ್ಣಿನ ಜಿ.ಐ. ಜಾಲರಿಯನ್ನು ಗೋಡೆಗೆ ಅಂಟಿಸಿ ಇಳಿಸಿ, ತಳದಲ್ಲಿ ಒಂದು ಅಡಿಯನ್ನು ಗೋಡೆಯಿಂದ ಹೊರಕ್ಕೆ ಮಡಿಸಿ ಮಣ್ಣು ಮುಚ್ಚಿ. ಹೆಗ್ಗಣ ಗೋಡೆಯ ಬುಡದಲ್ಲೇ ನೆಟ್ಟಗೆ ಕೆಳಕ್ಕೆ ತೋಡುತ್ತದೆ. ಜಾಲರಿ ಅಡ್ಡ ಬಂದರೆ ಅಡಿಯೊಂದು ಹಿಂದೆ ಸರಿದು ತೋಡುವ ಬುದ್ಧಿ ಅದಕ್ಕೆ ಸಾಮಾನ್ಯವಾಗಿ ಬರುವುದಿಲ್ಲ. ಸೌದೆ, ಹುಲ್ಲು ಗೋಡೆಗೆ ಒರಗಿಸಬೇಡಿ.

ಕಾಳಿಗಿಡುವ ಅಲ್ಯುಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಬಿಲಕ್ಕೆ ಹಾಕುವ ಯೋಚನೆ ಬೇಡವೇ ಬೇಡ. ಅದರ ಗಾಳಿ ನೆಲದ ಬಿರುಕಿನಲ್ಲಿ ಮಲಗುವ ಕೋಣೆಗೆ ಬರುತ್ತದೆ, ಮಲಗಿದವರು ಏಳುವುದಿಲ್ಲ.

ಪ್ರಶ್ನೆ: ಬಳಸದ ಬಚ್ಚಲುಮನೆಯಿಂದ ದೊಡ್ಡ ಜಿರಳೆ, ಅಡುಗೆಮನೆಯಲ್ಲಿ ಸಣ್ಣವು. ಸ್ಪ್ರೇ ಹೊಡೆದರೂ ಕಡಿಮೆಯಾಗುತ್ತಿಲ್ಲ.

ಉತ್ತರ: ಎರಡೂ ಬೇರೆ ಜಾತಿ. ದೊಡ್ಡದು ಚರಂಡಿಯದು, ನಹಾನಿ ಟ್ರ್ಯಾಪಿನ (ಬಚ್ಚಲಿನ ನೆಲದ ಜಾಲರಿಯ ಕೆಳಗೆ ನೀರು ನಿಲ್ಲುವ ಬಟ್ಟಲಿನ) ನೀರು ಆರಿದಾಗ ಬರುತ್ತದೆ. ವಾರಕ್ಕೊಂದು ಚೊಂಬು ನೀರು ಹಾಕಿ. ಊರಿಗೆ ಹೋಗುವಾಗ ಮೇಲೊಂದು ಚಮಚ ಅಡುಗೆ ಎಣ್ಣೆ ಬಿಟ್ಟರೆ ಬೇಗ ಆರುವುದಿಲ್ಲ. ಸಣ್ಣದಕ್ಕೆ ಜಿರಳೆ ತಿಂದು ಸಾಯುವ ವಿಷದ ಜೆಲ್. ಕಪಾಟಿನ ಕೀಲು, ಫ್ರಿಜ್ಜಿನ ಹಿಂದೆ, ಗ್ಯಾಸ್ ಕಟ್ಟೆಯ ಅಡಿ, ಒಂದೊಂದು ಕಡೆ ಅಕ್ಕಿಕಾಳಿನಷ್ಟು ಬೊಟ್ಟು. ಅದರ ಹತ್ತಿರ ಸ್ಪ್ರೇ ಹೊಡೆದರೆ ಜಿರಳೆ ಜೆಲ್ ಮುಟ್ಟುವುದಿಲ್ಲ. ಮೊಟ್ಟೆಚೀಲದಲ್ಲಿದ್ದವು ಆಮೇಲೆ ಒಡೆದು ಬರುವುದರಿಂದ ಮೂರು ವಾರ ಬಿಟ್ಟು ಇನ್ನೊಮ್ಮೆ ಇಡಿ.